ಪದಕದ ಅಂಚಿನ ಬರಹ: ಕೌದಳ್ಳಿ ಪರಿಸರ ಮತ್ತು ಗಾಯಾಳು ಯೋಧರ ಪದಕಗಳ ಸಂಗ್ರಹ

ಭೌತಿಕ ಜಾನಪದದ ಅಧ್ಯಯನದಲ್ಲಿ ಆಯುಧ, ಆಭರಣ, ಕೃಷಿ ಉಪಕರಣಗಳಿಗೆ ದೊರೆತಷ್ಟು ಗಮನ ಸೈನಿಕನ ಮನೆಯ ಪೆಟ್ಟಿಗೆಯಲ್ಲಿ ಉಳಿದಿರುವ ಪದಕಕ್ಕೆ ದೊರೆತಿಲ್ಲ. ಆಡುಮಾತಿನಲ್ಲಿ ‘ಬಿಲ್ಲೆ’ ಎನಿಸಿಕೊಳ್ಳುವ ಈ ವಸ್ತುವಿನ ಅಂಚಿನಲ್ಲಿ ಯೋಧನ ಕ್ರಮಸಂಖ್ಯೆ, ದರ್ಜೆ, ಹೆಸರು, ದಳಗಳು ಕೆತ್ತಲ್ಪಟ್ಟಿರುತ್ತವೆ. ಅದನ್ನು ಕಿರುಶಾಸನವೆಂದೇ ಪರಿಗಣಿಸಬಹುದು.

ಕನ್ನಡ ನಾಡಿನ ವೀರಗಲ್ಲುಗಳು ಮಡಿದವರ ಸ್ಮಾರಕಗಳು. ಮಡಿದವನ ಕುಟುಂಬಕ್ಕೆ ನೆತ್ತರುಗೊಡಗೆಯಾಗಿ ಭೂಮಿ ಸಲ್ಲುತ್ತಿತ್ತು. ಬದುಕಿರುವಾಗಲೇ ಬಾಳ್ಗಚ್ಚು ಪಡೆದ ವೀರನಿಗೆ ಕ್ರಿ.ಶ. 949-50ರ ಆತಕೂರು ಶಾಸನದ ಮಣಲೇರ ನಿದರ್ಶನ. ಆದರೆ ಗಾಯವನ್ನೇ ಕಾರಣವಾಗಿಸಿ ಪದಕ ನೀಡುವುದು ಆಧುನಿಕ ಸೈನ್ಯಗಳ ಪದ್ಧತಿ. ಜರ್ಮನಿ 1918ರಲ್ಲಿ ಗಾಯಾಳು ಲಾಂಛನವನ್ನು ಜಾರಿಗೆ ತಂದಿತು. ವಾಷಿಂಗ್ಟನ್ 1782ರಲ್ಲಿ ಸ್ಥಾಪಿಸಿದ್ದ ಗೌರವವನ್ನು ಅಮೆರಿಕ 1932ರಲ್ಲಿ ‘ಪರ್ಪಲ್ ಹಾರ್ಟ್’ ಆಗಿ ಪುನರುಜ್ಜೀವಿಸಿತು. ಬ್ರಿಟಿಷ್ ಸೈನ್ಯವಾದರೋ 1916ರಲ್ಲಿ ಗಾಯಾಳುಗಳ ತೋಳಿಗೆ ಹಿತ್ತಾಳೆಯ ಪಟ್ಟಿಯನ್ನು ಕೊಟ್ಟಿತೇ ಹೊರತು ಪ್ರತ್ಯೇಕ ಪದಕವನ್ನು ಕೊಡಲಿಲ್ಲ.

ಹೀಗಾಗಿ ಮೊದಲ ಮಹಾಯುದ್ಧದ ಗಾಯಾಳುವಿನ ಮನೆಯಲ್ಲಿ ನಿರೀಕ್ಷಿಸಬಹುದಾದುದು ಸಹಯೋಧರಿಗೂ ದೊರೆತ ಯುದ್ಧಪದಕ ಹಾಗೂ ವಿಜಯಪದಕಗಳನ್ನು. ಅವನ ಗಾಯದ ವಿವರವನ್ನು ಪಿಂಚಣಿ ಕಾಗದದಲ್ಲೋ ಮನೆಯವರ ನೆನಪಿನಲ್ಲೋ ಹುಡುಕಬೇಕು. ಯುದ್ಧಪದಕವು ಹೋರಾಡಿದವರಿಗೆ ಬೆಳ್ಳಿಯದು, ಕೂಲಿದಳದವರಿಗೆ ಕಂಚಿನದು. ಬೆಳ್ಳಿಗೆ ಬೆಲೆಯಿರುವ ಕಾರಣದಿಂದಲೇ ಅದು ಕುಲುಮೆ ಸೇರುವ ಅಪಾಯ ಹೆಚ್ಚು.

ಸ್ವತಂತ್ರ ಭಾರತದಲ್ಲಿ ಶತ್ರುವಿನ ನೇರ ಕಾರ್ಯಾಚರಣೆಯಲ್ಲಿ ಗಾಯಗೊಂಡವರಿಗೆ ‘ಪರಾಕ್ರಮ ಪದಕ’ ಸಲ್ಲುತ್ತದೆ. ಅದರ ಬಿಳಿಯ ಪಟ್ಟಿಯ ನಡುವೆ ಕೆಂಪು ಗೆರೆಯಿದೆ. ಇಂಗ್ಲಿಷಿನಲ್ಲಿ ‘ಗಾಯದ ಪದಕ’ವೆಂಬ ಅರ್ಥದ ಹೆಸರುಳ್ಳ ಇದು ದೇಶಭಾಷೆಯಲ್ಲಿ ‘ಪರಾಕ್ರಮ’ವಾದುದು ಗಮನಾರ್ಹ.

ಕೊಳ್ಳೇಗಾಲದಿಂದ ಹನೂರಿನ ಮೂಲಕ ಮಲೆ ಮಹದೇಶ್ವರ ಬೆಟ್ಟಕ್ಕೆ ಸಾಗುವ ದಾರಿಯಲ್ಲಿರುವ ಕೌದಳ್ಳಿಯಂತಹ ಊರಿನಲ್ಲಿ ಸಂಗ್ರಾಹಕನು ಆಡಳಿತದ ಇತಿಹಾಸವನ್ನು ಮೊದಲು ಅರಿತಿರಬೇಕು. 1956ರ ಏಕೀಕರಣದವರೆಗೆ ಕೊಳ್ಳೇಗಾಲ ತಾಲ್ಲೂಕು ಮದ್ರಾಸ್ ಆಡಳಿತದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಆದುದರಿಂದ ಇಲ್ಲಿನ ಹಳೆಯ ಯೋಧನ ದಾಖಲೆಯನ್ನು 1918ರ ಸೆಪ್ಟೆಂಬರ್ 23ರಂದು ಹೈಫಾದಲ್ಲಿ ಹೋರಾಡಿದ ಮೈಸೂರು ಲ್ಯಾನ್ಸರ್ಸ್‌ನಂತಹ ಸಂಸ್ಥಾನದ ಪಡೆಗಳಲ್ಲಿ ಮಾತ್ರ ಹುಡುಕಿದರೆ ಸಾಲದು. ಮದ್ರಾಸಿನ ಪಡೆಗಳಲ್ಲಿಯೂ ಶೋಧಿಸಬೇಕು. ಏಕೀಕರಣದ ನಂತರ ಮೈಸೂರು, 1997ರಿಂದ ಚಾಮರಾಜನಗರ ಎಂದು ಜಿಲ್ಲೆ ಬದಲಾಯಿತು. ಮುಂದೆ ಹನೂರು ತಾಲ್ಲೂಕಾಯಿತು. ಒಂದೇ ಮನೆಯ ಕಾಗದಗಳಲ್ಲಿ ಊರಿನ ವಿಳಾಸ ಬೇರೆಬೇರೆಯಾಗಿರಲು ಇದೇ ಕಾರಣ.

ಹೆಸರಿನ ವಿಷಯದಲ್ಲಿಯೂ ಎಚ್ಚರ ಅಗತ್ಯ. ಕನ್ನಡ, ತಮಿಳು ಎರಡೂ ಬಳಕೆಯಲ್ಲಿರುವ ಈ ಪ್ರದೇಶದ ಹೆಸರುಗಳು ಗುಮಾಸ್ತನ ಕಿವಿಗೆ ಕೇಳಿಸಿದಂತೆ ರೋಮನ್ ಲಿಪಿಗೆ ಇಳಿದಿರಬಹುದು. ಅಂಚಿನ ಬರಹವನ್ನು ಇದ್ದಂತೆಯೇ ನಕಲು ಮಾಡಿ, ಮನೆಯವರ ಉಚ್ಚಾರಣೆಯನ್ನು ಪಕ್ಕದಲ್ಲಿ ದಾಖಲಿಸಬೇಕು. ಉಜ್ಜಿ ಹೊಳಪು ಕೊಡಬಾರದು, ಅಕ್ಷರ ಸವೆಯುತ್ತದೆ. ಒಬ್ಬನ ಪದಕಗಳನ್ನು ಬಿಡಿಬಿಡಿಯಾಗಿ ಮಾರಿದರೆ ಅವನ ಸೇವೆಯ ಚರಿತ್ರೆಯೂ ಒಡೆಯುತ್ತದೆ. ನೂರು ವರ್ಷ ತುಂಬಿದ ಐತಿಹಾಸಿಕ ವಸ್ತುಗಳನ್ನು ಖಾಸಗಿಯವರು ವಿದೇಶಕ್ಕೆ ಸಾಗಿಸುವುದನ್ನು 1972ರ ಪುರಾವಸ್ತು ಕಾಯಿದೆ ನಿಷೇಧಿಸುತ್ತದೆ.

ಜಾನಪದ ಸಂಗ್ರಹವೆಂದರೆ ವಸ್ತುವನ್ನು ಕೊಂಡೊಯ್ಯುವುದೇ ಆಗಬೇಕಿಲ್ಲ. ಪದಕವು ಮನೆಯಲ್ಲಿಯೇ ಉಳಿದು, ಛಾಯಾಚಿತ್ರ, ಅಂಚಿನ ಬರಹ ಹಾಗೂ ಗಾಯದ ಕಥನಗಳು ಗ್ರಂಥಾಲಯವನ್ನು ಸೇರಬಹುದು. ಅಕ್ಷರ ಕಲಿಯದೆ ಸೈನ್ಯ ಸೇರಿದವನ ಹೆಸರಿಗೆ ಆ ಅಂಚೇ ಕೊನೆಯ ಲಿಖಿತ ಸಾಕ್ಷ್ಯವಾಗಿರಬಹುದು. ಅದು ಕರಗಿದ ಮೇಲೆ ಅವನಿಗೆ ವೀರಗಲ್ಲೂ ಇರುವುದಿಲ್ಲ.