ಸಹಿಯ ಸಾಲು: ಪೋಷಕರ ಓದು ಮತ್ತು ಮಕ್ಕಳ ಗೃಹಪಾಠ

ಬೋಧನಾಭ್ಯಾಸದ ಎರಡನೇ ವಾರ. ರಾಮನಗರ ಸೀಮೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಎಂಟನೇ ತರಗತಿಗೆ ನೇರ ಅನುಪಾತದ ಪಾಠ ಮಾಡುತ್ತಿದ್ದೆ. ಗೃಹಪಾಠದ ಕೆಳಗೆ ಪೋಷಕರ ಸಹಿ ಇರಲೇಬೇಕೆಂದು ಹೇಳಿದ್ದೆ. ಒಬ್ಬ ಹುಡುಗಿಯ ಪುಸ್ತಕದಲ್ಲಿ ಲೆಕ್ಕಗಳು ಅರ್ಧಕ್ಕೆ ನಿಂತಿದ್ದವು. ತಾಯಿಯ ಹೆಸರಿನ ಸಹಿ ಮಗಳದೇ ಕೈಬರಹದಲ್ಲಿತ್ತು. ಎಲ್ಲರ ಮುಂದೆ ನಿಲ್ಲಿಸಿ ಗದರಿದೆ, ತಾಯಿಯನ್ನು ಕರೆತರಲು ಹೇಳಿದೆ.

ಮರುದಿನ ಬಂದ ತಾಯಿ ಬಾಗಿಲಲ್ಲೇ ನಿಂತು ಹೇಳಿದರು: “ನಂಗೆ ಸಹಿ ಹಾಕಕ್ಕೆ ಬರಾಕಿಲ್ಲ ಮೇಡಮ್ಮೋರೆ. ಹೆಬ್ಬೆಟ್ಟು ಒತ್ತುಸ್ಕೊಂಡು ಹೋದ್ರೆ ಎಲ್ರೂ ನಗ್ತಾರೆ ಅಂತ ಅವ್ಳೇ ಬರ್ಕೊಂಡವ್ಳೆ. ದಿನಾ ಪುಸ್ತಕ ಹಿಡ್ಕೊಂಡು ಕೂತ್ಕೊ ಅಂತೀನಿ, ಕೂತಿರ್ತಾಳೆ. ಸರಿಯೋ ತಪ್ಪೋ ನಂಗೇನು ಗೊತ್ತಾಯ್ತದೆ?”

ಹಿಂದಿನ ದಿನವಷ್ಟೇ ನನ್ನ ಪಾಠ ಯೋಜನೆಯ ಕೊನೆಯಲ್ಲಿ ‘ಪೋಷಕರ ಆಸಕ್ತಿಯ ಕೊರತೆ’ ಎಂದು ಬರೆದಿದ್ದೆ. ನಮ್ಮ ಕ್ರಿಯಾ ಸಂಶೋಧನೆಯ ವರದಿಗಳಲ್ಲಿ ‘ಸಂಭವನೀಯ ಕಾರಣಗಳು’ ಎಂಬಲ್ಲಿ ಈ ಮಾತು ಬಹುತೇಕ ತಪ್ಪುವುದಿಲ್ಲ. ಆ ತಾಯಿಯಲ್ಲಿ ಆಸಕ್ತಿಗೆ ಕೊರತೆಯಿರಲಿಲ್ಲ. ಇಲ್ಲದ್ದು ಓದು. ಎರಡನ್ನೂ ನಾನು ಒಂದೇ ಎಂದುಕೊಂಡಿದ್ದೆ.

ಪೋಷಕರ ಓದಿಗೂ ಮಕ್ಕಳ ಕಲಿಕೆಗೂ ನಂಟಿರುವುದು ಹೊಸ ಸಂಗತಿಯಲ್ಲ. ಅಮೆರಿಕದಲ್ಲಿ 1966ರಲ್ಲಿ ಬಂದ ಜೇಮ್ಸ್ ಕೋಲ್ಮನ್ ವರದಿಯು, ಶಾಲೆಯ ಸೌಲಭ್ಯಗಳಿಗಿಂತ ಮನೆಯ ಹಿನ್ನೆಲೆಯೇ ಸಾಧನೆಯೊಂದಿಗೆ ಹೆಚ್ಚು ಬಿಗಿಯಾಗಿ ಬೆಸೆದುಕೊಂಡಿದೆ ಎಂದಿತ್ತು. ಆದರೆ ಈ ನಂಟು ಕೆಲಸ ಮಾಡುವುದು ಹೇಗೆ? ಅದು ನನಗೆ ತಿಳಿದದ್ದು ನನ್ನ ಮನೆಯನ್ನು ನೆನೆದಾಗ. ನನ್ನ ತಂದೆ ಪ್ರಾಥಮಿಕ ಶಾಲಾ ಶಿಕ್ಷಕರು. ಅವರು ಲೆಕ್ಕ ಮಾಡಿಕೊಟ್ಟದ್ದು ಕಡಿಮೆ. “ಏನು ಕೇಳಿದ್ದಾರೆ, ನಿನ್ನ ಮಾತಲ್ಲಿ ಹೇಳು” ಎನ್ನುತ್ತಿದ್ದರು, ಅಷ್ಟೇ. ಪುಸ್ತಕದ ಭಾಷೆಯನ್ನು ಮನೆಯ ಮಾತಿಗೆ ಇಳಿಸಿಕೊಳ್ಳುವ ಅಭ್ಯಾಸ ನನಗೆ ಊಟದ ಜೊತೆಗೇ ಸಿಕ್ಕಿತು. ಬಂದ ಅಂಕಗಳೆಲ್ಲ ನನ್ನವೇ ಎಂದುಕೊಂಡಿದ್ದೆ.

ಇನ್ನೊಂದು ದಾರಿಯೂ ಇದೆ. ಅನೆಟ್ ಲಾರೋ ಎಂಬ ಸಮಾಜಶಾಸ್ತ್ರಜ್ಞೆ ಅಮೆರಿಕದ ಕುಟುಂಬಗಳ ಜೊತೆಗಿದ್ದು ಬರೆದ, 2003ರಲ್ಲಿ ಪ್ರಕಟವಾದ ಪುಸ್ತಕದಲ್ಲಿ ಓದಿಕೊಂಡ ಪೋಷಕರು ಶಿಕ್ಷಕರನ್ನು ಅಳುಕಿಲ್ಲದೆ ಪ್ರಶ್ನಿಸುವುದನ್ನು, ಶ್ರಮಿಕ ಪೋಷಕರು ಅದು ಶಾಲೆಯವರ ಕೆಲಸವೆಂದು ನಂಬಿ ಹಿಂದೆ ಸರಿಯುವುದನ್ನು ವಿವರಿಸುತ್ತಾರೆ. ನಮ್ಮ ತಾಯಿ ಬಾಗಿಲಲ್ಲೇ ನಿಂತದ್ದೂ ಹೀಗೆಯೇ. ಹಾಗೆ ನಿಂತವರನ್ನು ನಾವು ನಿರಾಸಕ್ತರ ಪಟ್ಟಿಗೆ ಸೇರಿಸುತ್ತೇವೆ.

ಎಲ್ಲವನ್ನೂ ಓದಿನ ತಲೆಗೇ ಕಟ್ಟುವುದು ಸರಿಯಲ್ಲ. ಓದು, ಆದಾಯ, ಬಿಡುವು ಒಂದಕ್ಕೊಂದು ಹೆಣೆದುಕೊಂಡಿವೆ. ಇವರದು ರೇಷ್ಮೆ ಸಾಕುವ ಮನೆ. ನಾಲ್ಕನೇ ಜ್ವರ ಎದ್ದ ಹುಳು ಹಗಲು ರಾತ್ರಿ ಸೊಪ್ಪು ತಿನ್ನುತ್ತವೆ. ಆ ವಾರ ಪದವಿ ಪಡೆದ ತಾಯಿಯೂ ಮಗಳ ಪಕ್ಕ ಕೂರಲಾರಳು. 2011ರ ಜನಗಣತಿಯಲ್ಲಿ ಕರ್ನಾಟಕದ ಮಹಿಳಾ ಸಾಕ್ಷರತೆ ಶೇ. 68ರಷ್ಟಿತ್ತು. ಇಂಥ ಮನೆಗಳ ಮಕ್ಕಳು ನಮ್ಮ ತರಗತಿಗಳಲ್ಲಿ ಅಲ್ಲೊಬ್ಬರು ಇಲ್ಲೊಬ್ಬರಲ್ಲ.

ತಾಯಿ ಹೋದ ಮೇಲೆ ಹುಡುಗಿಯನ್ನು ಕೇಳಿದೆ: “ನೂರು ಮೊಟ್ಟೆಗೆ ಎಪ್ಪತ್ತು ಕೆಜಿ ಗೂಡಾದರೆ ನೂರೈವತ್ತಕ್ಕೆ?” ಬಾಯಿ ಮುಚ್ಚುವಷ್ಟರಲ್ಲಿ ಉತ್ತರ ಬಂತು. “ನೂರೈದು ಮಿಸ್. ಐವತ್ತಕ್ಕೆ ಮೂವತ್ತೈದಲ್ವಾ?” ಅವಳ ಪುಸ್ತಕದಲ್ಲಿ ಅರ್ಧಕ್ಕೆ ನಿಂತಿದ್ದ ಲೆಕ್ಕ ಇದೇ ಜಾತಿಯದು, ಮೊಟ್ಟೆ, ಗೂಡುಗಳ ಜಾಗದಲ್ಲಿ ಎಕ್ಸ್ ಮತ್ತು ವೈ ಇದ್ದವು. ಬ್ರೆಜಿಲ್‌ನ ರೆಸಿಫೆಯಲ್ಲಿ ಬೀದಿ ವ್ಯಾಪಾರ ಮಾಡುವ ಐದು ಮಕ್ಕಳ ಕುರಿತು 1985ರಲ್ಲಿ ಪ್ರಕಟವಾದ ಅಧ್ಯಯನ ನೆನಪಾಯಿತು. ವ್ಯಾಪಾರದ ನಡುವೆ ಕೇಳಿದ ಲೆಕ್ಕಗಳಲ್ಲಿ ಅವರ ಉತ್ತರ ಶೇ. 98ರಷ್ಟು ಸರಿ, ಅದೇ ಬಗೆಯ ಲೆಕ್ಕಗಳನ್ನು ಬರೀ ಅಂಕಿಗಳಲ್ಲಿ ಕೊಟ್ಟಾಗ ಶೇ. 37ರಷ್ಟು. ಪುಟ್ಟ ಅಧ್ಯಯನ ನಿಜ, ಆದರೆ ನನ್ನ ಮೇಜಿನ ಮುಂದೆ ಅದೇ ನಡೆದಿತ್ತು.

ಅಂದರೆ ನನ್ನ ಗೃಹಪಾಠ ಮನೆಯಲ್ಲೊಬ್ಬ ಓದಿದವರು ಇದ್ದಾರೆಂದು ಮೊದಲೇ ಲೆಕ್ಕ ಹಾಕಿತ್ತು. ಅದಕ್ಕೆ ನಾನು ಕೊಟ್ಟ ಅಂಕದಲ್ಲಿ ಮಗುವಿನದೆಷ್ಟು, ಪೋಷಕರದೆಷ್ಟು ಎಂದು ಬಿಡಿಸಲಾಗದು. ರೂಪಣಾತ್ಮಕ ಮೌಲ್ಯಮಾಪನಕ್ಕೆ ಬರುವ ಅಂದವಾದ ಚಾರ್ಟ್‌ಗಳಿಗೂ ಇದೇ ಮಾತು. (ಕೆಲವನ್ನು ಅಂಗಡಿಯಲ್ಲೇ ಮಾಡಿಸಿರುತ್ತಾರೆ, ಅದು ಬೇರೆ ವಿಷಯ.)

ಆಮೇಲೆ ಅವಧಿಯ ಕೊನೆಯ ಹತ್ತು ನಿಮಿಷವನ್ನು ಗೃಹಪಾಠಕ್ಕೇ ಇಟ್ಟೆ. ಪ್ರಶ್ನೆಗಳನ್ನು ಓದಿ, ಕೇಳಿರುವುದೇನೆಂದು ಮಕ್ಕಳ ಬಾಯಲ್ಲೇ ಹೇಳಿಸಿ, ಮೊದಲ ಲೆಕ್ಕವನ್ನು ಅಲ್ಲೇ ಶುರು ಮಾಡಿಸುತ್ತಿದ್ದೆ. ಮನೆಯವರನ್ನು ಕೇಳಿಯೇ ತರಬೇಕಾದ ಒಂದು ಲೆಕ್ಕವೂ ಇರುತ್ತಿತ್ತು. ಗೂಡು ಬಿಡಿಸಲು ನಾಲ್ಕು ಆಳಿಗೆ ಎಷ್ಟು ಹೊತ್ತು, ಎಂಟು ಆಳಿಗೆ ಎಷ್ಟು? ವಿಲೋಮ ಅನುಪಾತಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನ್ನ ಬಳಿ ಇರಲಿಲ್ಲ. “ಎಂಟಾಳು ಸೇರುದ್ರೆ ಮಾತೇ ಜಾಸ್ತಿ, ಅರ್ಧ ಹೊತ್ತಿಗೆಲ್ಲ ಮುಗಿಯಾಕಿಲ್ಲ” ಎಂದು ಅವಳ ತಾಯಿ ಹೇಳಿಕಳಿಸಿದ್ದರು. ಎಲ್ಲರೂ ಒಂದೇ ವೇಗದಲ್ಲಿ ಕೆಲಸ ಮಾಡುತ್ತಾರೆಂದು ನಾವು ಊಹಿಸಿಕೊಂಡಿರುವುದನ್ನು ವಿವರಿಸಲು ಆ ಮಾತೇ ನೆರವಾಯಿತು.

ಬೀಜೋಕ್ತಿಗಳ ಪಾಠಕ್ಕೆ ಬಂದಾಗ ಗೂಡೂ ಇಲ್ಲ, ಮೊಟ್ಟೆಯೂ ಇಲ್ಲ. ಮನೆಯಿಂದ ತರಬಹುದಾದದ್ದು ನನಗೇನೂ ಹೊಳೆಯಲಿಲ್ಲ. ಸಂಜೆ ಶಾಲೆ ಬಿಟ್ಟ ಮೇಲೆ ಅರ್ಧ ಗಂಟೆ ಕೂರಿಸಿಕೊಂಡೆ. ಬಸ್ಸಿನ ಮಕ್ಕಳು ನಿಲ್ಲಲಾಗಲಿಲ್ಲ. ಅವಳು ನಿಲ್ಲುತ್ತಿದ್ದಳು. ಕೊನೆಯ ವಾರದ ಕಿರುಪರೀಕ್ಷೆಯಲ್ಲಿ ಅನುಪಾತದ ಲೆಕ್ಕಗಳೆಲ್ಲ ಅವಳಿಗೆ ಸರಿಯಾದವು, ಬೀಜೋಕ್ತಿಯ ಮೂರರಲ್ಲಿ ಒಂದು. ಪುಸ್ತಕದಲ್ಲಿ ಸಹಿಯ ಸಾಲು ಬೇಡವೆಂದು ನಾನು ಹೇಳಿಯಾಗಿತ್ತು.