ಕಲ್ಲಿದ್ದಲು ವಜ್ರವಾಗುವುದೇ?

ಕಲ್ಲಿದ್ದಲು ನೆಲದಡಿ ಕೋಟ್ಯಂತರ ವರ್ಷ ಅದುಮಿಕೊಂಡಿದ್ದರೆ ವಜ್ರವಾಗುತ್ತದೆ ಎಂಬ ಮಾತು ಮಕ್ಕಳಷ್ಟೇ ಅಲ್ಲ, ದೊಡ್ಡವರೂ ನಂಬಿರುವಂಥದು. ಅದಕ್ಕೆ ಕಾರಣವೂ ಉಂಟು. 1797ರಲ್ಲಿ ಇಂಗ್ಲೆಂಡಿನ ವಿಜ್ಞಾನಿ ಸ್ಮಿತ್ಸನ್ ಟೆನೆಂಟ್ ವಜ್ರವನ್ನು ಸುಟ್ಟು, ಅದು ಬರಿಯ ಇಂಗಾಲವೆಂದು ತೋರಿಸಿದರು. ಕಲ್ಲಿದ್ದಲಿನಲ್ಲಿ ಹೆಚ್ಚಾಗಿರುವುದೂ ಇಂಗಾಲವೇ. ಆದರೆ ಇವೆರಡರ ಹುಟ್ಟು ಬೇರೆ.

ಕಲ್ಲಿದ್ದಲು ಗಿಡಮರಗಳ ಕೊಡುಗೆ. ಝರಿಯಾ, ರಾಣಿಗಂಜ್ ಗಣಿಗಳ ಕಲ್ಲಿದ್ದಲಿಗೆ 25 ಕೋಟಿ ವರ್ಷಗಳಿಗೂ ಹೆಚ್ಚು ವಯಸ್ಸು. ಜವುಗು ನೆಲದಲ್ಲಿ ಬಿದ್ದ ಸಸ್ಯಗಳು ಗಾಳಿ ಸಾಲದೆ ಪೂರ್ತಿ ಕೊಳೆಯದೆ ಉಳಿದವು. ಮೇಲೆ ಹೂಳು ತುಂಬಿದಂತೆ ಒತ್ತಡ, ಶಾಖ ಹೆಚ್ಚಿ, ನೀರು ಮತ್ತು ಅನಿಲಗಳು ಹೊರಬಿದ್ದವು. ಹೀಗೆ ಮೊದಲು ಪೀಟ್, ಆಮೇಲೆ ಲಿಗ್ನೈಟ್, ಬಳಿಕ ಬಿಟುಮಿನಸ್ ಕಲ್ಲಿದ್ದಲು ಆಯಿತು. ಇನ್ನೂ ಕಾದು ಅದುಮಿದರೆ ಆಂಥ್ರಸೈಟ್, ಕೊನೆಗೆ ಗ್ರಾಫೈಟ್ ಆದೀತು.

ವಜ್ರದ ತವರು ಬಹಳ ಕೆಳಗೆ. ಭೂಮಿಯ ಹೊರಚಿಪ್ಪಿನ ಕೆಳಗಿರುವ ಮ್ಯಾಂಟಲ್ ಪದರದಲ್ಲಿ, ಸುಮಾರು 150ರಿಂದ 200 ಕಿಲೋಮೀಟರ್ ಆಳದಲ್ಲಿ ಹೆಚ್ಚಿನ ವಜ್ರಗಳು ಹುಟ್ಟುತ್ತವೆ. ಅಲ್ಲಿನ ಒತ್ತಡ ನಮ್ಮ ವಾಯುಮಂಡಲದ ಒತ್ತಡದ ಸುಮಾರು 50,000 ಪಟ್ಟು. ಉಷ್ಣತೆ 1000 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸು. ಅಲ್ಲಿ ಇಂಗಾಲದ ಪ್ರತಿಯೊಂದು ಪರಮಾಣುವೂ ಇತರ ನಾಲ್ಕರೊಡನೆ ಬಿಗಿಯಾಗಿ ಬೆಸೆದುಕೊಳ್ಳುತ್ತದೆ. ವಜ್ರದ ಗಡಸುತನದ ಗುಟ್ಟು ಇದೇ. ಉಕ್ಕಿಬರುವ ಶಿಲಾರಸ ಅದನ್ನು ಮೇಲಕ್ಕೆ ಹೊತ್ತು ತರುತ್ತದೆ.

ಮಧ್ಯಪ್ರದೇಶದ ಪನ್ನಾದಲ್ಲಿ ವಜ್ರಗಳನ್ನು ಹೊತ್ತು ತಂದ ಶಿಲೆಗೇ ಸುಮಾರು 100 ಕೋಟಿ ವರ್ಷ ವಯಸ್ಸು. ನೆಲದ ಮೇಲೆ ಸಸ್ಯಗಳು ಕಾಣಿಸಿಕೊಂಡದ್ದು ಸುಮಾರು 47 ಕೋಟಿ ವರ್ಷಗಳ ಹಿಂದೆ. ಗಿಡಮರಗಳೇ ಇಲ್ಲದ ಕಾಲದಲ್ಲಿ ಕಲ್ಲಿದ್ದಲು ಎಲ್ಲಿಂದ ಬರಬೇಕು?