ನನ್ನ ತಂಗಿ ಯಾಕೆ ಗಿಡ್ಡ ಉಳಿದಳು?



ನನ್ನ ತಂಗಿಗೆ ಎರಡು ವರ್ಷ ತುಂಬುವ ವಾರ ಅಂಗನವಾಡಿಯಲ್ಲಿ ಅವಳನ್ನು ಮಲಗಿಸಿ ಉದ್ದ ಅಳೆದರು. 78 ಸೆಂ.ಮೀ. ಬಂತು. ಆ ವಯಸ್ಸಿನ ಹೆಣ್ಣುಮಗು ಸುಮಾರು 86 ಸೆಂ.ಮೀ. ಇರುತ್ತದೆ. 80ಕ್ಕಿಂತ ಕಡಿಮೆ ಇದ್ದರೆ ಅದು ಕುಂಠಿತ ಬೆಳವಣಿಗೆ ಎಂದು ಅಕ್ಕೋರು ಹೇಳಿದರು.

"ನಮ್ಮ ಮನಿ ಮಂದಿನೇ ಗಿಡ್ಡ, ಅದಕ್ಯಾಕ ಚಿಂತಿ?" ಅಂದಳು ಆಯಿ. ಆದರೆ ಬಬಲೇಶ್ವರದ ನಮ್ಮ ಅತ್ತಿಯ ಮಗಳು ತಂಗಿಗಿಂತ ಒಂದು ತಿಂಗಳು ಸಣ್ಣಾಕಿ, ನಾಲ್ಕು ಬೆರಳು ಎತ್ತರ ಇದ್ದಾಳೆ. ಅಕ್ಕೋರನ್ನು ಕೇಳಿ ತಿಳಿದದ್ದನ್ನು ಇಲ್ಲಿ ಬರೆದಿದ್ದೇನೆ.

ಕುಂಠಿತ ಎಂದರೇನು?
ಸೊರಗುವುದು ಬೇರೆ, ಕುಂಠಿತ ಆಗುವುದು ಬೇರೆ. ನಾಲ್ಕು ದಿನ ಭೇದಿ ಆದರೆ ಕೂಸು ಸೊರಗುತ್ತದೆ. ತೀರ ಸೊರಗಿದವರನ್ನು ವಿಜಯಪುರದ ಜಿಲ್ಲಾ ಆಸ್ಪತ್ರೆಗೆ ಕಳಿಸುತ್ತಾರೆ. ಆದರೆ ಬಹಳ ದಿನ ಸರಿಯಾದ ಊಟ ಸಿಗದೆ, ಮೇಲಿಂದ ಮೇಲೆ ಜಡ್ಡು ಬಂದರೆ ಎತ್ತರವೇ ಕುಗ್ಗುತ್ತದೆ. ಮಿದುಳಿನ ಬೆಳವಣಿಗೆಗೂ ಪೆಟ್ಟು ಬೀಳುತ್ತದೆ. ತಾಯಿಯ ಹೊಟ್ಟೆಯಲ್ಲಿ ಇದ್ದಾಗಿನಿಂದ ಎರಡು ವರ್ಷದವರೆಗಿನ 1000 ದಿನಗಳು ಬಹಳ ಮುಖ್ಯ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 35 ಮಕ್ಕಳು ಕುಂಠಿತರಾಗಿದ್ದರು. ಇವರೆಲ್ಲರ ಮನೆತನವೂ ಗಿಡ್ಡವೇ?

ನಮ್ಮ ಮನೆಯಲ್ಲಿ ಆದದ್ದು
ಅವ್ವ ತಿಕೋಟಾ ಕಡೆ ದ್ರಾಕ್ಷಿ ಪಡಕ್ಕೆ ಕೂಲಿಗೆ ಹೋಗುತ್ತಾಳೆ. ತಂಗಿ ಅತ್ತರೆ ಆಯಿ ಚಹಾದಲ್ಲಿ ಬಿಸ್ಕಿಟ್ ಅದ್ದಿ ಕೊಡುತ್ತಿದ್ದಳು. ನಾನೂ ಕೊಟ್ಟಿದ್ದೇನೆ. ಹೊಟ್ಟೆ ತುಂಬುತ್ತಿತ್ತು, ಮೈಗೆ ಹತ್ತುತ್ತಿರಲಿಲ್ಲ. ಊಟದಲ್ಲಿನ ಕಬ್ಬಿಣದ ಅಂಶ ಮೈಗೆ ಸೇರುವುದನ್ನೂ ಚಹಾ ತಡೆಯುತ್ತದೆ. ಅಂಗನವಾಡಿಯಿಂದ ಅವಳಿಗೆಂದು ಕೊಟ್ಟ ಹಿಟ್ಟನ್ನು ನಾವೆಲ್ಲ ಹಂಚಿಕೊಂಡು ತಿಂದೆವು. ಇದನ್ನು ಬರೆಯಲು ನನಗೆ ನಾಚಿಕೆ ಆಗುತ್ತದೆ.

ಏನು ಮಾಡಬೇಕು?
1. ಆರು ತಿಂಗಳವರೆಗೆ ಎದೆಹಾಲು ಮಾತ್ರ. ಆಮೇಲೆ ಎದೆಹಾಲಿನ ಜೊತೆ ಮೆತ್ತಗಿನ ಊಟ: ಜೋಳದ ನುಚ್ಚು, ಹೆಸರುಬ್ಯಾಳಿ ಕಿಚಡಿ. ಬರೀ ತಿಳಿ ಬೇಡ, ಚಮಚೆಯಿಂದ ಜಾರದಷ್ಟು ಗಟ್ಟಿ ಇರಲಿ.
2. ರೊಟ್ಟಿಯೊಂದೇ ಸಾಲದು. ಕಾಳು, ಮೆಂತ್ಯೆ ಪಲ್ಯ, ಹಾಲು, ಖಾರ ಹಾಕದ ಶೇಂಗಾ ಪುಡಿ, ತಿನ್ನುವವರ ಮನೆಯಲ್ಲಿ ತತ್ತಿ ಕೊಡಬೇಕು. ಇಡೀ ಶೇಂಗಾ ಕೊಡಬಾರದು, ಗಂಟಲಲ್ಲಿ ಸಿಕ್ಕೀತು.
3. ಉಣ್ಣಿಸುವ ಮೊದಲು ಸಾಬೂನಿನಿಂದ ಕೈ ತೊಳೆಯಬೇಕು.
4. ಬಸುರಿಯರೂ ಚೆನ್ನಾಗಿ ಉಣ್ಣಬೇಕು. ಅವರ ಬಿಸಿಯೂಟಕ್ಕೆಂದೇ ಸರ್ಕಾರ 2017ರಲ್ಲಿ ಮಾತೃಪೂರ್ಣ ಯೋಜನೆ ತಂದಿತು.

ಅಂಗನವಾಡಿಯಲ್ಲಿ ಬಸುರಿಯರಿಗೆ ಕುಬಸ, ಆರು ತಿಂಗಳ ಕೂಸಿಗೆ ಅನ್ನಪ್ರಾಶನ ಮಾಡುತ್ತಾರೆ. ಅವ್ವಂದಿರಿಗೆ ಅಲ್ಲೇ ಊಟದ ವಿಷಯ ಹೇಳುತ್ತಾರೆ. ಆದರೆ ಹಗಲೆಲ್ಲ ಕೂಸು ಇರುವುದು ಆಯಿಯ ಕೈಯಲ್ಲಿ, ಸಾಲಿ ಬಿಟ್ಟ ಮೇಲೆ ನಮ್ಮ ಕೈಯಲ್ಲಿ. ಆದ್ದರಿಂದ ಆಯಿಗಳನ್ನೂ ಕರೆಯಿರಿ ಎಂದು ಅಕ್ಕೋರಿಗೆ ಕೇಳಿದೆ. ಹೋದ ತಿಂಗಳು ನಮ್ಮ ಓಣಿಯ ಐದು ಮಂದಿ ಆಯಿಗಳು ಬಂದಿದ್ದರು. ಈಗ ಪಡಕ್ಕೆ ಹೋಗದವರು ಸರದಿಯಂತೆ ಓಣಿಯ ಕೂಸುಗಳಿಗೆ ಕಿಚಡಿ ಮಾಡಿ ಉಣ್ಣಿಸುತ್ತಾರೆ.

ಮೂರು ತಿಂಗಳಲ್ಲಿ ತಂಗಿ 2 ಸೆಂ.ಮೀ. ಬೆಳೆದಿದ್ದಾಳೆ. ಅವಳ 1000 ದಿನ ಮುಗಿದುಹೋದವು, ಕಳೆದದ್ದೆಲ್ಲ ಮರಳಿ ಬರುವುದು ಕಷ್ಟ. ಗೆಳೆಯರೇ, ನಿಮ್ಮ ಮನೆಯಲ್ಲಿ ಸಣ್ಣ ಕೂಸಿದ್ದರೆ ಅದಕ್ಕೆ ಇನ್ನೂ ದಿನಗಳಿವೆ. ಅತ್ತಾಗ ಚಹಾ ಕೊಡಬೇಡಿರಿ, ಊಟ ಕೊಡಿರಿ.

— 8ನೇ ತರಗತಿ ವಿದ್ಯಾರ್ಥಿನಿ